ಯಾವ ಬ್ರೌಸರ್ ಇಟ್ಟುಕೊಳ್ಳಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ ಆನ್‌ಲೈನ್ ಬ್ಯಾಂಕಿಂಗ್ ವಿಷಯ ಬಂದಾಗ "ಬ್ರೌಸರ್ ಅಪ್‌ಡೇಟ್ ಮಾಡಿಕೊಂಡಿರಿ" ಅಂತ ಒಂದು ಸಾಲು ಬರೆದಿದ್ದೆ. ಆ ಒಂದೇ ಸಾಲಿಗೆ ಇಷ್ಟು ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿರುವುದು ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಬ್ರೇವ್ ಇವುಗಳಲ್ಲಿ ಯಾವುದು ಸುರಕ್ಷಿತ, ಯಾವುದು ಬಳಸೋಕೆ ಸುಲಭ ಅಂತ. ಆದರೆ ಕೇಳಿದವರ ಕಷ್ಟ ಮಾತ್ರ ಒಬ್ಬೊಬ್ಬರದು ಒಂದೊಂದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಬ್ರೌಸರ್‌ಗೇ ಮೀಸಲು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಪಿಂಚಣಿ ನೋಡುವುದು, ಕರೆಂಟ್ ಬಿಲ್ ಕಟ್ಟುವುದು, ಪೇಪರ್ ಓದುವುದು ಎಲ್ಲಾ ಲ್ಯಾಪ್‌ಟಾಪಿನಲ್ಲೇ. ಮಗ ಕ್ರೋಮ್ ಹಾಕಿಕೊಟ್ಟಿದ್ದಾನೆ. ರಜೆಗೆ ಬಂದ ಮೊಮ್ಮಗ "ಅಜ್ಜಿ, ಕ್ರೋಮ್ ನಿನ್ನನ್ನ ನೋಡ್ತಾನೇ ಇರುತ್ತೆ, ಬ್ರೇವ್ ಹಾಕ್ಕೋ" ಅನ್ನುತ್ತಾನೆ. ಯಾರ ಮಾತು ಕೇಳಲಿ?
— ಓದುಗರು, ಸಾಗರ

ಉತ್ತರ: ಇಬ್ಬರ ಮಾತೂ ನಿಜ ಮೇಡಂ. ಅವರಿಬ್ಬರೂ ಬೇರೆ ಬೇರೆ ವಿಷಯ ಹೇಳುತ್ತಿದ್ದಾರೆ, ಅಷ್ಟೇ. ಮಗ ಹೇಳುತ್ತಿರುವುದು ಭದ್ರತೆಯ ಮಾತು: ಹೊರಗಿನ ಕಳ್ಳ ನಿಮ್ಮ ಕಂಪ್ಯೂಟರಿನೊಳಗೆ ನುಗ್ಗಬಾರದು ಅನ್ನೋದು. ಮೊಮ್ಮಗ ಹೇಳುತ್ತಿರುವುದು ಖಾಸಗಿತನದ ಮಾತು: ನೀವು ಏನು ಓದಿದಿರಿ, ಏನು ಹುಡುಕಿದಿರಿ ಅನ್ನೋದನ್ನ ಯಾವ ಕಂಪನಿಯೂ ಬರೆದಿಟ್ಟುಕೊಳ್ಳಬಾರದು ಅನ್ನೋದು. ಮೊದಲನೆಯದರಲ್ಲಿ ಕ್ರೋಮ್ ಬಹಳ ಗಟ್ಟಿ. ಎರಡನೆಯದರಲ್ಲಿ ಹಿಂದೆ.

ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ ಇಷ್ಟಕ್ಕೂ ಒಳಗಿನ ಹಿಟ್ಟು ಒಂದೇ. ಅದರ ಹೆಸರು ಕ್ರೋಮಿಯಂ, ಗೂಗಲ್ ಮುಂದಾಳುತನದಲ್ಲಿ ತಯಾರಾಗುತ್ತದೆ. ಮೈಕ್ರೋಸಾಫ್ಟ್ ಕೂಡ ತನ್ನ ಸ್ವಂತ ಎಂಜಿನ್ (ತಾಣದ ಪುಟವನ್ನು ಪರದೆಗೆ ತರುವ ಒಳಭಾಗ) ಬಿಟ್ಟು 2020ರ ಜನವರಿಯಲ್ಲಿ ಎಡ್ಜನ್ನು ಕ್ರೋಮಿಯಂ ಮೇಲೆ ಕಟ್ಟಿತು. ಒಂದೇ ಹಿಟ್ಟಿನಲ್ಲಿ ಒಂದು ಹೋಟೆಲಿನವರು ಸೆಟ್ ದೋಸೆ ಹುಯ್ದರೆ ಇನ್ನೊಬ್ಬರು ಮಸಾಲೆ ದೋಸೆ ಹುಯ್ಯುತ್ತಾರೆ, ಹಾಗೆ. ಹಿಟ್ಟಿನಲ್ಲಿ ದೋಷ ಬಂದರೆ ಎಲ್ಲಾ ಹೋಟೆಲಿಗೂ ಬರುತ್ತದೆ. ಆ ದೋಷ ಸರಿ ಮಾಡುವುದರಲ್ಲಿ ಗೂಗಲ್ ಚುರುಕು. 2023ರ ಆಗಸ್ಟ್‌ನಿಂದ ಕ್ರೋಮ್‌ಗೆ ವಾರವಾರವೂ ಭದ್ರತೆಯ ಅಪ್‌ಡೇಟ್ ಬರುತ್ತಿದೆ. ಉಳಿದವರು ಅದನ್ನು ತೆಗೆದುಕೊಂಡು ತಮ್ಮದರಲ್ಲಿ ಸೇರಿಸಬೇಕು. ಈ ಗುಂಪಿನಿಂದ ಹೊರಗೆ, ತಮ್ಮದೇ ಎಂಜಿನ್ ಇಟ್ಟುಕೊಂಡಿರುವ ದೊಡ್ಡ ಹೆಸರು ಅಂದರೆ ಎರಡೇ, ಮೊಜಿಲ್ಲಾದ ಫೈರ್‌ಫಾಕ್ಸ್ ಮತ್ತು ಆಪಲ್‌ನ ಸಫಾರಿ.

ಈಗ ಮೊಮ್ಮಗನ ಮಾತು. ನೀವು ಒಂದು ತಾಣದಲ್ಲಿ ಸೀರೆ ನೋಡಿದಿರಿ ಅಂದುಕೊಳ್ಳಿ, ಆಮೇಲೆ ಎಲ್ಲಿ ಹೋದರೂ ಅದೇ ಸೀರೆಯ ಜಾಹೀರಾತು ಬೆನ್ನು ಹತ್ತುತ್ತದೆ ಅಲ್ವಾ. ಅದಕ್ಕೆ ಮುಖ್ಯ ಕಾರಣ ಥರ್ಡ್ ಪಾರ್ಟಿ ಕುಕಿಗಳು, ಅಂದರೆ ನೀವು ನೋಡುತ್ತಿರುವ ತಾಣದ್ದಲ್ಲದೆ ಅದರೊಳಗೆ ಸೇರಿಕೊಂಡ ಜಾಹೀರಾತಿನವರು ಇಟ್ಟು ಹೋಗುವ ಗುರುತುಚೀಟಿ. ಸಫಾರಿ ಇದನ್ನು 2020ರ ಮಾರ್ಚ್‌ನಲ್ಲೇ ಪೂರ್ತಿ ನಿಲ್ಲಿಸಿತು. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಒಂದೊಂದು ತಾಣದ ಕುಕಿಗೂ ಬೇರೆ ಬೇರೆ ಡಬ್ಬಿ ಮಾಡಿ, ಒಂದರದ್ದು ಇನ್ನೊಂದಕ್ಕೆ ಕಾಣದ ಹಾಗೆ ಮಾಡಿತು. ಕ್ರೋಮ್ ಕೂಡ ನಿಲ್ಲಿಸುತ್ತೇವೆ ಅಂತ 2020ರ ಜನವರಿಯಲ್ಲಿ ಹೇಳಿತ್ತು. ಮುಂದಕ್ಕೆ ಹಾಕುತ್ತಾ ಹಾಕುತ್ತಾ ಬಂದು 2025ರ ಏಪ್ರಿಲ್‌ನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಗೂಗಲ್‌ನ ಸಂಪಾದನೆ ಬಹುಪಾಲು ಜಾಹೀರಾತಿನದು ಅನ್ನೋದನ್ನ ನೆನಪಿಟ್ಟುಕೊಂಡರೆ ಇದು ಅರ್ಥವಾಗುತ್ತದೆ.

ಬ್ರೇವ್ ಕೆಟ್ಟದ್ದಲ್ಲ. ಜಾಹೀರಾತು ತಡೆಯುವುದು ಅದರೊಳಗೇ ಇದೆ, ಬೇರೆ ಏನೂ ಹಾಕಬೇಕಿಲ್ಲ. ಆದರೆ ಅದರಲ್ಲಿ ಕ್ರಿಪ್ಟೊ ವಾಲೆಟ್ಟು, ರಿವಾರ್ಡ್ಸು ಅಂತ ನಿಮಗೆ ಬೇಡದ ಗುಂಡಿಗಳು ಜಾಸ್ತಿ. 2020ರ ಜೂನ್‌ನಲ್ಲಿ ಕೆಲವು ಕ್ರಿಪ್ಟೊ ತಾಣಗಳ ವಿಳಾಸ ಟೈಪ್ ಮಾಡಿದಾಗ ತನಗೆ ಕಮಿಷನ್ ಬರುವ ಕೊಂಡಿಯನ್ನು ತಾನೇ ಸೇರಿಸುತ್ತಿದ್ದದ್ದು ಹೊರಬಿತ್ತು. ಆಮೇಲೆ ತಪ್ಪೊಪ್ಪಿಕೊಂಡು ಸರಿ ಮಾಡಿದರು.

ನನ್ನ ಸಲಹೆ ಹೀಗೆ. ಕ್ರೋಮ್ ಕೈಗೆ ಅಭ್ಯಾಸವಾಗಿದೆ, ಅದನ್ನು ಬ್ಯಾಂಕು, ಪಿಂಚಣಿ, ಬಿಲ್ಲಿಗೆ ಮಾತ್ರ ಇಟ್ಟುಕೊಳ್ಳಿ. ಪೇಪರ್ ಓದೋಕೆ, ಅಡುಗೆ ವಿಡಿಯೊ ನೋಡೋಕೆ ಫೈರ್‌ಫಾಕ್ಸ್ ಹಾಕಿಸಿಕೊಳ್ಳಿ. ಡೆಸ್ಕ್‌ಟಾಪ್ ಮೇಲಿನ ಕ್ರೋಮ್ ಶಾರ್ಟ್‌ಕಟ್ಟಿನ ಹೆಸರು ಬದಲಿಸಿ "ಬ್ಯಾಂಕು" ಅಂತಲೇ ಬರೆದುಬಿಡಿ, ಇನ್ನೊಂದಕ್ಕೆ "ಓದೋಕೆ" ಅಂತ. ನಮ್ಮ ಮನೆಯ ಹಿರಿಯರಿಗೆಲ್ಲ ನಾನು ಮಾಡಿಕೊಟ್ಟಿರುವುದು ಇದೇ. ಯಾವುದೋ ಸುದ್ದಿ ತಾಣದಲ್ಲಿ ಏನಾದರೂ ಕೆಟ್ಟದ್ದು ಅಂಟಿಕೊಂಡರೂ ಬ್ಯಾಂಕಿನ ಬ್ರೌಸರಿಗೆ ಅದು ಸುಲಭವಾಗಿ ದಾಟುವುದಿಲ್ಲ.

ಪ್ರಶ್ನೆ: ಅಂಗಡಿಯ ಕಂಪ್ಯೂಟರಿನಲ್ಲಿ ಪರದೆಯ ಬಲಗಡೆ ಕೆಳಗೆ "ನಿಮ್ಮ ಕಂಪ್ಯೂಟರಿಗೆ 5 ವೈರಸ್ ಬಂದಿವೆ" ಅಂತ ಪದೇ ಪದೇ ಬರುತ್ತಿದೆ. ಟ್ಯಾಲಿಯಲ್ಲಿ ಬಿಲ್ ಹಾಕುವಾಗಲೂ ಬರುತ್ತೆ. ಹುಡುಗ ಆ್ಯಂಟಿವೈರಸ್ ಹಾಕಿದ, ಹೋಗಲಿಲ್ಲ. ಕ್ರೋಮ್ ತೆಗೆದು ಬೇರೆ ಬ್ರೌಸರ್ ಹಾಕಬೇಕಾ?
— ಜವಳಿ ವ್ಯಾಪಾರಿ, ದಾವಣಗೆರೆ

ಉತ್ತರ: ಬೇಡ ಸರ್, ಬ್ರೌಸರ್ ಬದಲಿಸುವುದು ಬೇಡ. ಅದು ವೈರಸ್ಸೂ ಅಲ್ಲ, ಬಹುಮಟ್ಟಿಗೆ ನೋಟಿಫಿಕೇಶನ್, ಅಂದರೆ ಯಾವುದೋ ತಾಣ ಬ್ರೌಸರ್ ಮೂಲಕ ಕಳಿಸುವ ಸಂದೇಶ. ಅದಕ್ಕೇ ಆ್ಯಂಟಿವೈರಸ್‌ಗೆ ಸಿಕ್ಕಲಿಲ್ಲ.

ಎರಡು ತಿಂಗಳ ಹಿಂದೆ ತೀರ್ಥಹಳ್ಳಿಯಲ್ಲಿ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರಿಗೂ ಇದೇ ಗೋಳು. "ಬೆಳಗ್ಗೆಯಿಂದ ಸಂಜೆ ತನಕ ಟಿಂಗ್ ಟಿಂಗ್ ಅಂತಿರುತ್ತೆ ಕಣೋ, ಹೆದರಿಕೆ ಆಗುತ್ತೆ" ಅಂದರು. ಪಕ್ಕದಲ್ಲಿ ಕೂತು ಸೆಟ್ಟಿಂಗ್ಸ್ ತೆರೆದು ನೋಡಿದರೆ ನೋಟಿಫಿಕೇಶನ್ ಕಳಿಸೋಕೆ ಅನುಮತಿ ಪಡೆದ ತಾಣಗಳು ನಲವತ್ತಮೂರು. ಒಂದೊಂದರ ಹೆಸರೂ ಓದೋಕೆ ಬಾರದ್ದು, ಅರ್ಥವಿಲ್ಲದ ಅಕ್ಷರಗಳ ಸಾಲು. ಅವರು ಯಾವತ್ತೋ ಪಂಚಾಂಗ ಹುಡುಕುವಾಗ "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅಂತ ಬಂದಿತ್ತಂತೆ, ಒತ್ತಿದರು. ಆ ಒಂದು ಗುಂಡಿಯಿಂದ ಶುರುವಾಗಿದ್ದು. ನಲವತ್ತಮೂರನ್ನೂ ಒಂದೊಂದಾಗಿ ತೆಗೆದೆವು, ಅವರೇ ಮೌಸ್ ಹಿಡಿದರು, ನಾನು ತೋರಿಸಿದೆ. ಹತ್ತು ನಿಮಿಷ ಹಿಡಿಯಿತು. ಆ ಟಿಂಗ್ ಮತ್ತೆ ಬಂದಿಲ್ಲ.

ನೀವೂ ಹೀಗೆ ಮಾಡಿ. ಕ್ರೋಮ್‌ನಲ್ಲಿ ಮೇಲೆ ಬಲಗಡೆ ಮೂರು ಚುಕ್ಕೆ ಇದೆಯಲ್ಲ, ಅದನ್ನು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಇರುವ ತಾಣಗಳ ಪಟ್ಟಿ ಕೆಳಗೆ ಕಾಣುತ್ತದೆ. ಗುರುತಿಲ್ಲದ್ದನ್ನೆಲ್ಲ ತೆಗೆದುಹಾಕಿ. ಮೇಲೆ ಯಾವ ತಾಣವೂ ನೋಟಿಫಿಕೇಶನ್ ಕೇಳಬಾರದು ಅನ್ನೋ ಆಯ್ಕೆ ಇದೆ, ಅದನ್ನೇ ಇಟ್ಟುಬಿಡಿ. ಅಂಗಡಿ ಕಂಪ್ಯೂಟರಿಗೆ ನೋಟಿಫಿಕೇಶನ್ ಯಾಕೆ ಬೇಕು? ಎಡ್ಜ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಇದೇ ಥರದ ಜಾಗ ಇದೆ.

ನಿಜವಾದ ಅಪಾಯ ಮುಂದಿನದ್ದು. ಆ ಸಂದೇಶ ಒತ್ತಿದರೆ ಪರದೆ ತುಂಬಾ ಕೆಂಪು ಬಣ್ಣ, ಸೈರನ್ ಸದ್ದು, "ಈ ನಂಬರಿಗೆ ಫೋನ್ ಮಾಡಿ" ಅಂತ ಬರುತ್ತದೆ. ಫೋನ್ ಮಾಡಿದರೆ ಅವರು ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸುತ್ತಾರೆ. ಯಾವ ಬ್ರೌಸರ್ ಕಂಪನಿಯೂ, ಮೈಕ್ರೋಸಾಫ್ಟೂ ಹೀಗೆ ಪರದೆ ಮೇಲೆ ಫೋನ್ ನಂಬರ್ ಹಾಕಿ ಕರೆಯುವುದಿಲ್ಲ. ಪರದೆ ಪೂರ್ತಿ ಹಿಡಿದುಕೊಂಡು ಬಿಡದಿದ್ದರೆ ಎಸ್ಕೇಪ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಇಲ್ಲವೇ ಆಲ್ಟ್ ಜೊತೆ ಎಫ್4 ಒತ್ತಿ. ಹುಡುಗ ಈಗಾಗಲೇ ಯಾರಿಗಾದರೂ ಫೋನ್ ಮಾಡಿ ಒಟಿಪಿ ಹೇಳಿದ್ದರೆ ಅವನನ್ನು ಬೈಯುತ್ತಾ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಅಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ತಾಣ ಸುರಕ್ಷಿತ ಅಂತ ಬ್ಯಾಂಕಿನವರೇ ಹೇಳಿಕೊಟ್ಟಿದ್ದರು. ಈಗ ಕ್ರೋಮ್‌ನಲ್ಲಿ ಆ ಬೀಗವೇ ಕಾಣುತ್ತಿಲ್ಲ. ಏನೋ ಕೆಟ್ಟಿದೆಯಾ?
— ಓದುಗರು, ಮೈಸೂರು

ಉತ್ತರ: ಏನೂ ಕೆಟ್ಟಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬೇಕು ಅಂತಲೇ ಬೀಗ ತೆಗೆದು, ಎರಡು ಗೆರೆಯ ಮೇಲೆ ಎರಡು ಸೊನ್ನೆ ಇರುವ ಇನ್ನೊಂದು ಗುರುತು ಹಾಕಿತು. ಬೀಗ ಹೇಳುತ್ತಿದ್ದದ್ದು ನಿಮಗೂ ಆ ತಾಣಕ್ಕೂ ನಡುವಿನ ದಾರಿಯಲ್ಲಿ ಯಾರೂ ಇಣುಕುತ್ತಿಲ್ಲ ಅಂತ ಮಾತ್ರ. ದಾರಿಯ ಆ ತುದಿಯಲ್ಲಿ ಕೂತಿರುವವನು ಒಳ್ಳೆಯವನು ಅಂತ ಅದು ಯಾವತ್ತೂ ಹೇಳಿರಲಿಲ್ಲ. ಜನ ಹಾಗೆ ತಿಳಿದುಕೊಂಡರು. ಈಗ ಮೋಸದ ತಾಣಗಳೂ ಹೆಚ್ಚುಕಡಿಮೆ ಎಲ್ಲಾ ಬೀಗ ಹಾಕಿಕೊಂಡೇ ಕೂತಿವೆ, ಅದು ಪುಕ್ಕಟೆ ಸಿಗುತ್ತದೆ.

ಹಾಗಾದರೆ ಏನು ನೋಡಬೇಕು? ವಿಳಾಸವನ್ನೇ ಓದಬೇಕು. ಓದುವ ಕ್ರಮ ನಮ್ಮ ಅಂಚೆ ವಿಳಾಸದ ಹಾಗೇ. ಮನೆ ಹೆಸರು, ಬೀದಿ ಮೊದಲು ಬರುತ್ತದೆ, ಊರು ಜಿಲ್ಲೆ ಕೊನೆಗೆ. ಯಾವ ಜಿಲ್ಲೆ ಅಂತ ಗೊತ್ತಾಗುವುದು ಕೊನೆಯ ಸಾಲಿನಲ್ಲಿ. ಮನೆಗೆ "ವಿಧಾನಸೌಧ" ಅಂತ ಯಾರು ಬೇಕಾದರೂ ಹೆಸರಿಡಬಹುದು ಅಲ್ವಾ. ವೆಬ್ ವಿಳಾಸದಲ್ಲೂ ಮೊದಲ ಒಂಟಿ ಓರೆಗೆರೆಗಿಂತ ಹಿಂದಿನ ತುದಿಯೇ ಯಜಮಾನನ ಹೆಸರು. ನಿಮ್ಮ ಬ್ಯಾಂಕಿನ ಹೆಸರು ಶುರುವಿನಲ್ಲಿ ಬಂದು, ಆಮೇಲೆ ಚುಕ್ಕೆ, ಆಮೇಲೆ "ಕೆವೈಸಿ ಅಪ್‌ಡೇಟ್ ಡಾಟ್ ಎಕ್ಸ್‌ವೈಜೆಡ್" ಅಂತ ಮುಗಿದರೆ ಅದು ಬ್ಯಾಂಕಿನದ್ದಲ್ಲ, ಆ ಕೊನೆಯ ಹೆಸರಿನವನದು.

ಇದು ಕಷ್ಟ ಅನ್ನೋದು ರಿಸರ್ವ್ ಬ್ಯಾಂಕಿಗೂ ಗೊತ್ತು. ಅದಕ್ಕೇ 2025ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ನಮ್ಮ ದೇಶದ ಬ್ಯಾಂಕುಗಳು ತಮ್ಮ ತಾಣವನ್ನು "ಡಾಟ್ ಬ್ಯಾಂಕ್ ಡಾಟ್ ಇನ್" ಅಂತ ಮುಗಿಯುವ ವಿಳಾಸಕ್ಕೆ ಬದಲಿಸಬೇಕು ಅಂತ ಆದೇಶ ಮಾಡಿ, 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತು. ಈ ಹೆಸರನ್ನು ಹಂಚುವ ಅಧಿಕಾರ ರಿಸರ್ವ್ ಬ್ಯಾಂಕೇ ಕಟ್ಟಿದ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ದಾರಿಹೋಕ ಮೋಸಗಾರನಿಗೆ ಅದು ಸಿಗುವುದಿಲ್ಲ. ನನಗೆ ಇದು ಎಷ್ಟೋ ಬ್ರೌಸರ್ ಸೌಲಭ್ಯಗಳಿಗಿಂತ ಉಪಯೋಗದ್ದು ಅನ್ನಿಸುತ್ತದೆ. ನಿಮ್ಮ ಬ್ಯಾಂಕಿನ ಹೊಸ ವಿಳಾಸವನ್ನು ಪಾಸ್‌ಬುಕ್ ಅಥವಾ ಶಾಖೆಯಲ್ಲಿ ಕೇಳಿಕೊಂಡು ಒಮ್ಮೆ ಕೈಯಾರೆ ಟೈಪ್ ಮಾಡಿ ಬುಕ್‌ಮಾರ್ಕ್ ಮಾಡಿಡಿ. ಇನ್ನು ಮುಂದೆ ಬ್ಯಾಂಕಿಗೆ ಹೋಗುವುದು ಆ ಬುಕ್‌ಮಾರ್ಕಿನಿಂದ ಮಾತ್ರ. ಮೆಸೇಜಿನಲ್ಲಿ ಬಂದ ಲಿಂಕಿನಿಂದಲೂ ಬೇಡ, ಗೂಗಲ್‌ನಲ್ಲಿ ಹುಡುಕಿಯೂ ಬೇಡ. ಹುಡುಕಿದಾಗ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು.

ಪ್ರಶ್ನೆ: ಪಾಸ್‌ವರ್ಡ್‌ಗಳನ್ನು ಬ್ರೌಸರಿನಲ್ಲೇ ಸೇವ್ ಮಾಡಬಹುದಾ? ನನ್ನ ಹೆಂಡತಿ ಡೈರಿಯಲ್ಲಿ ಬರೆದಿಡುತ್ತಾಳೆ.
— ಓದುಗರು, ಉಡುಪಿ

ಉತ್ತರ: ಮನೆಯಲ್ಲೇ ಇರುವ ಡೈರಿ ಅಷ್ಟೇನೂ ಕೆಟ್ಟದ್ದಲ್ಲ, ನಿಮ್ಮ ಹೆಂಡತಿಯವರನ್ನು ತಡೆಯಬೇಡಿ. ಎಲ್ಲಾ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಡೈರಿ ಸಾವಿರ ಪಾಲು ವಾಸಿ.

ಬ್ರೌಸರಿನಲ್ಲಿ ಸೇವ್ ಮಾಡುವುದರಲ್ಲಿ ಒಂದು ದೊಡ್ಡ ಲಾಭ ಇದೆ. ಬ್ರೌಸರ್ ಪಾಸ್‌ವರ್ಡನ್ನು ವಿಳಾಸದ ಜೊತೆ ಗಂಟು ಹಾಕಿ ಇಟ್ಟುಕೊಳ್ಳುತ್ತದೆ. ಬಣ್ಣ, ಲೋಗೊ ಎಲ್ಲಾ ಅಚ್ಚು ಹಾಗೇ ಇರುವ ನಕಲಿ ತಾಣಕ್ಕೆ ನೀವು ಹೋದರೆ ನಿಮ್ಮ ಕಣ್ಣು ಮೋಸ ಹೋಗಬಹುದು, ಬ್ರೌಸರ್ ಹೋಗುವುದಿಲ್ಲ. ದಿನಾ ತಾನಾಗಿ ತುಂಬುತ್ತಿದ್ದ ಪಾಸ್‌ವರ್ಡ್ ಇವತ್ತು ತುಂಬಲಿಲ್ಲ ಅಂದರೆ ಅಲ್ಲೇ ಕೈ ನಿಲ್ಲಿಸಿ, ವಿಳಾಸ ನೋಡಿ.

ತೊಂದರೆ ಏನಂದರೆ ಕಂಪ್ಯೂಟರ್ ಮುಂದೆ ಯಾರು ಕೂತರೂ ಅವರಿಗೂ ಸಿಗಬಹುದು. ವಿಂಡೋಸ್‌ನಲ್ಲಿ ಕ್ರೋಮ್ ಪಾಸ್‌ವರ್ಡ್ ತೋರಿಸುವ ಮೊದಲು ಕಂಪ್ಯೂಟರಿನ ಪಿನ್ ಕೇಳುತ್ತದೆ, ಅಂದರೆ ಮೊದಲು ಪಿನ್ ಇಟ್ಟಿರಬೇಕು. ಫೈರ್‌ಫಾಕ್ಸ್‌ನಲ್ಲಿ ಪ್ರೈಮರಿ ಪಾಸ್‌ವರ್ಡ್ ಅಂತ ಒಂದಿದೆ, ಅದನ್ನು ನೀವೇ ಆನ್ ಮಾಡಬೇಕು, ತಾನಾಗಿ ಇರುವುದಿಲ್ಲ. ಇದನ್ನು ಆನ್ ಮಾಡದೆ ಫೈರ್‌ಫಾಕ್ಸ್‌ನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಇಡಬೇಡಿ. ಇನ್ನೊಂದು, ಪುಕ್ಕಟೆ ಸಿಗುತ್ತೆ ಅಂತ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕುವ ಅಭ್ಯಾಸ ಇದ್ದರೆ ಬಿಡಿ. ಬ್ರೌಸರಿನಲ್ಲಿರುವ ಪಾಸ್‌ವರ್ಡ್, ಕುಕಿಗಳನ್ನು ಬಾಚಿಕೊಂಡು ಹೋಗುವ ಕಳ್ಳ ಪ್ರೋಗ್ರಾಮ್‌ಗಳು ಬರುವ ಒಂದು ದೊಡ್ಡ ದಾರಿ ಅದೇ. ಅದು ಒಳಗೆ ಬಂದ ಮೇಲೆ ಯಾವ ಬ್ರೌಸರ್ ಇದ್ದರೂ ಕಷ್ಟ.

ಪ್ರಶ್ನೆ: ಕ್ರೋಮ್‌ನಲ್ಲಿ ಯುಬ್ಲಾಕ್ ಒರಿಜಿನ್ ಹಾಕಿಕೊಂಡಿದ್ದೆ, ಜಾಹೀರಾತು ಕಾಟ ಇರಲಿಲ್ಲ. ಈಗ ಅದು ಕೆಲಸ ಮಾಡಲ್ಲ ಅನ್ನುತ್ತಿದೆ. ಅದರ ಬದಲು ಬೇರೆ ಯಾವುದಾದರೂ ಎಕ್ಸ್‌ಟೆನ್ಶನ್ ಹಾಕಬಹುದಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಎಕ್ಸ್‌ಟೆನ್ಶನ್‌ಗಳಿಗೆ, ಅಂದರೆ ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಮ್‌ಗಳಿಗೆ, ಗೂಗಲ್ ಹೊಸ ನಿಯಮ ತಂದಿದೆ, ಅದರ ಹೆಸರು ಮ್ಯಾನಿಫೆಸ್ಟ್ ವಿ3. 2024ರಿಂದ ಹಂತ ಹಂತವಾಗಿ ಜಾರಿ ಮಾಡಿ 2025ರಲ್ಲಿ ಹಳೆಯ ಬಗೆಯವನ್ನು ಪೂರ್ತಿ ನಿಲ್ಲಿಸಿತು. ಹಳೆಯ ನಿಯಮದಲ್ಲಿ ಎಕ್ಸ್‌ಟೆನ್ಶನ್ ನಿಮ್ಮ ಬ್ರೌಸರಿನಿಂದ ಹೋಗುವ ಪ್ರತಿಯೊಂದು ಬೇಡಿಕೆಯನ್ನೂ ನಡುವೆ ನಿಲ್ಲಿಸಿ ನೋಡಬಹುದಿತ್ತು, ಅದು ಅಪಾಯ ಅನ್ನೋದು ಗೂಗಲ್ ವಾದ. ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಗ್ರೇಟ್ ಸಸ್ಪೆಂಡರ್ ಅಂತ ಒಂದು ಹೆಸರುವಾಸಿ ಎಕ್ಸ್‌ಟೆನ್ಶನ್ ಇತ್ತು, ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿತ್ತು. ಅದನ್ನು ಮಾಡಿದವರು 2020ರಲ್ಲಿ ಬೇರೆಯವರಿಗೆ ಮಾರಿದರು, ಹೊಸ ಯಜಮಾನರು ಅದರೊಳಗೆ ಕೆಟ್ಟ ಕೋಡ್ ಸೇರಿಸಿದರು, 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಬಳಸುತ್ತಿದ್ದವರು ಏನೂ ತಪ್ಪು ಮಾಡಿರಲಿಲ್ಲ. ಸುಮ್ನೆ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ಹಾಕಿಕೊಂಡಿದ್ದರು.

ಆದರೆ ಈ ನಿಯಮದಿಂದ ಒಳ್ಳೆಯ ಜಾಹೀರಾತು ತಡೆಗಾರನ ಕೈಯೂ ಕಟ್ಟಿದಂತಾಯಿತು. ಜಾಹೀರಾತು ತಡೆಯುವುದು ಬರೀ ಕಿರಿಕಿರಿ ತಪ್ಪಿಸುವ ಮಾತಲ್ಲ, ಭದ್ರತೆಯ ಮಾತೂ ಹೌದು. "ಡೌನ್‌ಲೋಡ್" ಅಂತ ಬರೆದಿರುವ ಐದು ಗುಂಡಿಗಳಲ್ಲಿ ನಾಲ್ಕು ಜಾಹೀರಾತಾಗಿರುವ ತಾಣಗಳನ್ನು ನೀನೂ ನೋಡಿರುತ್ತೀಯ. ಕ್ರೋಮ್‌ನಲ್ಲೇ ಇರಬೇಕು ಅಂದರೆ ಅದೇ ಮಾಡುಗರ ಯುಬ್ಲಾಕ್ ಒರಿಜಿನ್ ಲೈಟ್ ಹಾಕಿಕೋ, ಶಕ್ತಿ ಸ್ವಲ್ಪ ಕಡಿಮೆ. ಪೂರ್ತಿ ಬೇಕು ಅಂದರೆ ಫೈರ್‌ಫಾಕ್ಸ್‌ಗೆ ಬಾ, ಅಲ್ಲಿ ಮೊದಲಿನ ಹಾಗೇ ನಡೆಯುತ್ತದೆ. ಆ್ಯಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ನಡೆಯುತ್ತದೆ. ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ನೇ ಹಾಕೋಕೆ ಬರಲ್ಲ. ಹೆಸರು ಮಾತ್ರ ಸರಿಯಾಗಿ ನೋಡು, ಇದೇ ಹೆಸರಿಗೆ ಹತ್ತಿರದ ಹೆಸರಿಟ್ಟುಕೊಂಡವು ಬೇಕಾದಷ್ಟಿವೆ. ಒಂದೆರಡಕ್ಕಿಂತ ಹೆಚ್ಚು ಎಕ್ಸ್‌ಟೆನ್ಶನ್ ಇಟ್ಟುಕೊಳ್ಳಬೇಡ.

ಪ್ರಶ್ನೆ: ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 7 ಇದೆ, 4 ಜಿಬಿ ರ‍್ಯಾಮ್. ಕ್ರೋಮ್ ಅಪ್‌ಡೇಟ್ ಬರ್ತಿಲ್ಲ. ಹಗುರವಾದ ಬ್ರೌಸರ್ ಯಾವುದಾದರೂ ಹೇಳಿ.
— ಓದುಗರು, ಚಿತ್ರದುರ್ಗ

ಉತ್ತರ: ವಿಂಡೋಸ್ 7ಕ್ಕೆ ಬಂದ ಕೊನೆಯ ಕ್ರೋಮ್ 109ನೇ ಆವೃತ್ತಿ, 2023ರ ಜನವರಿಯದು. ಅದಾದ ಮೇಲೆ ಸಿಕ್ಕಿದ ಎಲ್ಲಾ ತೂತುಗಳೂ ನಿಮ್ಮ ಕಂಪ್ಯೂಟರಿನಲ್ಲಿ ಹಾಗೇ ತೆರೆದಿವೆ. ಇಲ್ಲಿ ಬೇರೆ ಬ್ರೌಸರ್ ಹುಡುಕಿ ಪ್ರಯೋಜನವಿಲ್ಲ, ಯಾಕಂದರೆ ನೆಲವೇ ಕುಸಿದಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬಳಕೆದಾರರಿಗೆ ಅಪ್‌ಡೇಟ್ ನಿಲ್ಲಿಸಿದ್ದು 2020ರ ಜನವರಿಯಲ್ಲಿ.

ಕಂಪ್ಯೂಟರ್ ಎಸೆಯಬೇಕಿಲ್ಲ. ವಿಂಡೋಸ್ ಬದಲು ಅದಕ್ಕೆ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಸಿ, ಪುಕ್ಕಟೆ, 4 ಜಿಬಿಯಲ್ಲಿ ಚೆನ್ನಾಗಿ ಓಡುತ್ತದೆ, ಫೈರ್‌ಫಾಕ್ಸ್ ಅದರ ಜೊತೆಗೇ ಬರುತ್ತದೆ. ಮೊದಲು ಫೋಟೊ, ಕಡತ ಎಲ್ಲಾ ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿ. ಟ್ಯಾಬ್ ಐದಾರಕ್ಕಿಂತ ಜಾಸ್ತಿ ತೆರೆಯಬೇಡಿ. ಹಗುರ ಬ್ರೌಸರ್ ಅಂತ ಪ್ರಚಾರ ಮಾಡುವವನ್ನು ನಂಬಬೇಡಿ, ಭಾರ ಇರುವುದು ಬ್ರೌಸರಿಗಿಂತ ಈಗಿನ ತಾಣಗಳಲ್ಲೇ ಜಾಸ್ತಿ.

ಪ್ರಶ್ನೆ: ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಹಾಕಿಸುತ್ತೇನೆ. ಇನ್‌ಕಾಗ್ನಿಟೊ ತೆರೆದರೆ ಸಾಕಲ್ವಾ?
— ಓದುಗರು, ಶಿರಾ

ಉತ್ತರ: ಸಾಲದು, ಆದರೂ ತೆರೆಯಿರಿ. ಇನ್‌ಕಾಗ್ನಿಟೊ ಮುಚ್ಚಿದಾಗ ಹಿಸ್ಟರಿ, ಕುಕಿ ಅಳಿಸಿಹೋಗುತ್ತವೆ, ಹಾಗಾಗಿ ನಿಮ್ಮ ಹಿಂದೆ ಬಂದವರಿಗೆ ನಿಮ್ಮ ಖಾತೆ ತೆರೆದು ಸಿಗುವುದಿಲ್ಲ. ಈಚೆಗೆ ಒಂದು ಊರಿನಲ್ಲಿ ಇಂಥದ್ದೇ ಅಂಗಡಿಗೆ ಪ್ರಿಂಟ್ ತೆಗೆಸಲು ಹೋದೆ. ಜಿಮೇಲ್ ತೆರೆದರೆ ಯಾರೋ ಹುಡುಗಿಯ ಇನ್‌ಬಾಕ್ಸ್ ಹಾಗೇ ತೆರೆದಿತ್ತು, ಮೇಲಿನ ಮೇಲ್‌ನಲ್ಲೇ ಆಧಾರ್ ಪ್ರತಿ, ಅಂಕಪಟ್ಟಿ. ನಾನೇ ಸೈನ್ ಔಟ್ ಮಾಡಿ ಬಂದೆ. ನನ್ನ ಬದಲು ಬೇರೆ ಯಾರಾದರೂ ಕೂತಿದ್ದರೆ ಅನ್ನೋ ಯೋಚನೆ ಇವತ್ತಿಗೂ ಹೋಗಿಲ್ಲ.

ಆದರೆ ಆ ಕಂಪ್ಯೂಟರಿನಲ್ಲಿ ಕೀ ಒತ್ತಿದ್ದನ್ನೆಲ್ಲ ಬರೆದಿಡುವ ಪ್ರೋಗ್ರಾಮ್ ಇದ್ದರೆ ಇನ್‌ಕಾಗ್ನಿಟೊ ಏನೂ ಮಾಡಲಾರದು. ಡೌನ್‌ಲೋಡ್ ಆದ ಪಿಡಿಎಫ್ ಕೂಡ ಅಲ್ಲೇ ಉಳಿಯುತ್ತದೆ, ಅದನ್ನು ಕೈಯಾರೆ ಅಳಿಸಿ, ರಿಸೈಕಲ್ ಬಿನ್‌ನಿಂದಲೂ ಅಳಿಸಿ. ಬ್ಯಾಂಕಿನ ಕೆಲಸ ಮಾತ್ರ ಅಲ್ಲಿ ಮಾಡಲೇಬೇಡಿ.

ಪ್ರಶ್ನೆ: ಜಿಎಸ್‌ಟಿ, ಟೆಂಡರ್ ಕೆಲಸ ಮಾಡುತ್ತೇನೆ. ಒಂದು ಹಳೆಯ ಪೋರ್ಟಲ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲೇ ತೆರೆಯಬೇಕು ಅನ್ನುತ್ತದೆ. ಅದನ್ನು ಎಲ್ಲಿಂದ ಡೌನ್‌ಲೋಡ್ ಮಾಡಲಿ?
— ತೆರಿಗೆ ಸಲಹೆಗಾರರು, ಬೆಳಗಾವಿ

ಉತ್ತರ: ಎಲ್ಲಿಂದಲೂ ಬೇಡ ಸರ್. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತಿ ಆಯಿತು. ಈಗ ಅದರ ಹೆಸರಲ್ಲಿ ಡೌನ್‌ಲೋಡ್ ಕೊಡುವ ತಾಣ ಯಾವುದಿದ್ದರೂ ಅನುಮಾನಿಸಿ. ನಿಮ್ಮ ಕಂಪ್ಯೂಟರಿನಲ್ಲಿರುವ ಎಡ್ಜ್‌ನಲ್ಲೇ ಹಳೆಯ ತಾಣವನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಹಾಗೇ ತೆರೆಯುವ ಐಇ ಮೋಡ್ ಅಂತ ಇದೆ. ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಬ್ರೌಸರ್ ಅನ್ನುವಲ್ಲಿ ಅದಕ್ಕೆ ಅನುಮತಿ ಕೊಟ್ಟು, ಆ ಒಂದು ಪೋರ್ಟಲ್ಲಿನ ವಿಳಾಸ ಸೇರಿಸಿ. ಕನಿಷ್ಠ 2029ರವರೆಗೆ ಇದನ್ನು ನಡೆಸುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಈ ಒಂದು ವಿಷಯದಲ್ಲಿ ಎಡ್ಜ್‌ಗೆ ಸಾಟಿ ಇಲ್ಲ.

ಡಿಜಿಟಲ್ ಸಹಿಯ ಟೋಕನ್ (ಪೆನ್‌ಡ್ರೈವಿನಂಥದ್ದು) ಹಾಕಿ ಸಹಿ ಮಾಡುವ ಕೆಲಸ ಮೊದಲು ಜಾವಾ ಪ್ಲಗಿನ್‌ನಿಂದ ನಡೆಯುತ್ತಿತ್ತು. ಆ ಬಗೆಯ ಪ್ಲಗಿನ್‌ಗಳನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಬಿಟ್ಟವು, ಭದ್ರತೆಗೆ ಅವು ದೊಡ್ಡ ತಲೆನೋವಾಗಿದ್ದವು. ಈಗಿನ ಪೋರ್ಟಲ್‌ಗಳು ಅದಕ್ಕೆ ಬೇರೆ ಚಿಕ್ಕ ಪ್ರೋಗ್ರಾಮ್ ಕೊಡುತ್ತವೆ, ಅದನ್ನು ಆಯಾ ಪೋರ್ಟಲ್ಲಿನಿಂದಲೇ ಇಳಿಸಿಕೊಳ್ಳಿ. ಕೆಲಸ ಮುಗಿದ ಕೂಡಲೇ ಟೋಕನ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಷ್ಟೋ ಕಚೇರಿಗಳಲ್ಲಿ ಅದು ದಿನವಿಡೀ ಕಂಪ್ಯೂಟರಿಗೇ ಚುಚ್ಚಿಕೊಂಡಿರುತ್ತದೆ. ನೋಡಿದರೆ ಸಂಕಟವಾಗುತ್ತದೆ, ಅದು ನಿಮ್ಮ ಕಕ್ಷಿದಾರರ ಸಹಿ.

ಪ್ರಶ್ನೆ: ನಮ್ಮ ದೇಶದ್ದೇ ಬ್ರೌಸರ್ ಇದೆಯಾ? ಫೋನಿನಲ್ಲಿ ಹಳೇ ಯುಸಿ ಬ್ರೌಸರ್ ಇನ್ನೂ ಇದೆ, ತೆಗೆಯಬೇಕಾ?
— ಓದುಗರು, ರಾಯಚೂರು

ಉತ್ತರ: ಯುಸಿ ಬ್ರೌಸರ್ ಇವತ್ತೇ ತೆಗೆಯಿರಿ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ನಿಷೇಧದ ಮಾತು ಬಿಟ್ಟರೂ, ಪ್ಲೇ ಸ್ಟೋರ್‌ನಿಂದ ಅಪ್‌ಡೇಟ್ ಬಾರದ ಬ್ರೌಸರ್ ಇಟ್ಟುಕೊಳ್ಳುವುದು ಅಪಾಯ.

ನಮ್ಮ ದೇಶದ್ದು ಇದೆ. 2023ರ ಆಗಸ್ಟ್‌ನಲ್ಲಿ ಕೇಂದ್ರದ ಐಟಿ ಇಲಾಖೆ ಭಾರತೀಯ ಬ್ರೌಸರ್ ಮಾಡಲು ಒಂದು ಸ್ಪರ್ಧೆ ಇಟ್ಟಿತು, ನಡೆಸುವ ಹೊಣೆಯಲ್ಲಿ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ನಮ್ಮ ಬೆಂಗಳೂರಿನ ಸಿ-ಡ್ಯಾಕ್ ಕೂಡ ಇತ್ತು. 2025ರ ಮಾರ್ಚ್‌ನಲ್ಲಿ ಫಲಿತಾಂಶ ಬಂದು, 1 ಕೋಟಿ ರೂಪಾಯಿಯ ಮೊದಲ ಬಹುಮಾನ ಜೊಹೊ ಕಂಪನಿಗೆ ಸಿಕ್ಕಿತು. ಜೊಹೊದವರ ಉಲಾ ಅನ್ನೋ ಬ್ರೌಸರ್ 2023ರಿಂದಲೇ ಬಳಕೆಯಲ್ಲಿದೆ. ತಮಿಳಿನಲ್ಲಿ ಉಲಾ ಅಂದರೆ ಸುತ್ತಾಟ. ಅದರ ಹಿಟ್ಟೂ ಕ್ರೋಮಿಯಂ. ಜಾಹೀರಾತು ತಡೆ ಇದೆ, ಮನೆ, ಕೆಲಸ, ಮಕ್ಕಳಿಗೆ ಅಂತ ಬೇರೆ ಬೇರೆ ವಿಭಾಗ ಇವೆ. ಬಳಸಿ ನೋಡಬಹುದು.

ಸ್ಪರ್ಧೆಯ ನಿಯಮದಲ್ಲಿ ಒಂದು ಮುಖ್ಯ ಅಂಶ ಇತ್ತು. ಯಾವ ತಾಣದ ಸರ್ಟಿಫಿಕೇಟ್ (ತಾಣ ಅಸಲಿ ವಿಳಾಸದ್ದೇ ಅನ್ನೋ ಗುರುತುಪತ್ರ) ನಂಬಬೇಕು ಅನ್ನೋ ಪಟ್ಟಿ ಪ್ರತಿಯೊಂದು ಬ್ರೌಸರಿನೊಳಗೂ ಇರುತ್ತದೆ, ಆ ಪಟ್ಟಿಯಲ್ಲಿ ಭಾರತ ಸರ್ಕಾರದ ಸಿಸಿಎಯ (ಸರ್ಟಿಫಿಕೇಟ್ ಕೊಡುವವರ ಮೇಲಿನ ನಿಯಂತ್ರಕರು) ಮೂಲ ಸರ್ಟಿಫಿಕೇಟ್ ಇರಬೇಕು ಅಂತ. ಇದಕ್ಕೆ ಹಿನ್ನೆಲೆ ಇದೆ. 2014ರ ಜುಲೈನಲ್ಲಿ, ಸರ್ಕಾರದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಎನ್‌ಐಸಿಯ ಸರ್ಟಿಫಿಕೇಟ್ ವ್ಯವಸ್ಥೆಯಿಂದ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದದ್ದನ್ನು ಗೂಗಲ್ ಪತ್ತೆ ಮಾಡಿತ್ತು. ವಿಂಡೋಸ್‌ನ ಪಟ್ಟಿಯಲ್ಲಿ ನಮ್ಮ ಸಿಸಿಎ ಇದ್ದದ್ದರಿಂದ ಅಲ್ಲಿ ಗಡಿಬಿಡಿ ಆಯಿತು. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಂಡಿದ್ದು ಅದರಲ್ಲಿ ಸಿಸಿಎ ಇಲ್ಲದ್ದರಿಂದ ಅದಕ್ಕೆ ಬಿಸಿ ತಟ್ಟಲಿಲ್ಲ. ದೇಶದ್ದೇ ಬ್ರೌಸರ್ ಬರಬೇಕು ಅನ್ನೋ ಆಸೆ ನನಗೂ ಇದೆ. ಆದರೆ ಸರ್ಟಿಫಿಕೇಟ್ ಕೊಡುವವರ ಮೇಲೆ ಕಟ್ಟುನಿಟ್ಟಾದ ಕಾವಲು ಇದ್ದಾಗಲೇ ಆ ನಂಬಿಕೆ ಉಳಿಯುತ್ತದೆ.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ, ಅಪ್ಪ ಅಮ್ಮ ಧಾರವಾಡದಲ್ಲಿ. ಅವರಿಗೆ ಐಫೋನ್ ಕೊಡಿಸಿದೆ. ಸಫಾರಿ ಬದಲು ಕ್ರೋಮ್ ಹಾಕಲಾ?
— ಓದುಗರು, ನ್ಯೂಜೆರ್ಸಿ

ಉತ್ತರ: ಸಫಾರಿಯೇ ಇರಲಿ. ಭಾರತದಲ್ಲಿ ಐಫೋನಿನ ಕ್ರೋಮ್, ಫೈರ್‌ಫಾಕ್ಸ್ ಎಲ್ಲವೂ ಒಳಗೆ ಸಫಾರಿಯ ಎಂಜಿನ್ನೇ, ಅದು ಆಪಲ್ ನಿಯಮ. 2024ರಲ್ಲಿ ಯುರೋಪಿನ ಒಕ್ಕೂಟದ ದೇಶಗಳಿಗೆ ಮಾತ್ರ ಅದನ್ನು ಸಡಿಲ ಮಾಡಿದರು. ಐಫೋನಿನ ಐಒಎಸ್ ಅಪ್‌ಡೇಟ್ ಆದರೆ ಸಫಾರಿಯೂ ಅಪ್‌ಡೇಟ್ ಆಗುತ್ತದೆ, ಆಟೊಮ್ಯಾಟಿಕ್ ಇಟ್ಟುಬಿಡಿ.

ಪ್ರಶ್ನೆ: ಈಗ ಎಐ ಬ್ರೌಸರ್‌ಗಳು ಬಂದಿವೆಯಲ್ಲ, ಕಾಮೆಟ್, ಅಟ್ಲಾಸ್. ನಾವು ಹೇಳಿದರೆ ಟಿಕೆಟ್ಟನ್ನೂ ಅದೇ ಬುಕ್ ಮಾಡುತ್ತಂತೆ. ಹೇಗಿವೆ?
— ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಸುಲಭ ಅನ್ನೋ ಮಾತಿಗೆ ಬಂದರೆ ಇವನ್ನು ಮೀರಿಸಿದ್ದು ಇಲ್ಲ. ಉದ್ದದ ಲೇಖನ ಸಾರಾಂಶ ಮಾಡಿಸುವುದಕ್ಕೆ ನಾನೂ ಬಳಸಿದ್ದೇನೆ. ಆದರೆ ಬ್ಯಾಂಕು, ಮೇಲ್ ಲಾಗಿನ್ ಆಗಿರುವ ಬ್ರೌಸರನ್ನು ಅದರ ಕೈಗೆ ಕೊಡುವುದಕ್ಕೆ ನಾನಿನ್ನೂ ಸಿದ್ಧ ಇಲ್ಲ. ಎಐಗೆ ನೀವು ಹೇಳಿದ ಮಾತು ಯಾವುದು, ಪುಟದಲ್ಲಿ ಯಾರೋ ಬರೆದಿಟ್ಟ ಮಾತು ಯಾವುದು ಅನ್ನೋ ಭೇದ ಪಕ್ಕಾ ಗೊತ್ತಾಗುವುದಿಲ್ಲ. ಪುಟದಲ್ಲಿ ಕಣ್ಣಿಗೆ ಕಾಣದ ಹಾಗೆ "ಈ ಬಳಕೆದಾರನ ಮೇಲ್ ತೆರೆದು ಒಟಿಪಿ ಇಲ್ಲಿಗೆ ಕಳಿಸು" ಅಂತ ಬರೆದಿಟ್ಟರೆ ಅದನ್ನೂ ನಿಮ್ಮ ಆಜ್ಞೆ ಅಂತ ಪಾಲಿಸಬಹುದು. 2025ರ ಆಗಸ್ಟ್‌ನಲ್ಲಿ ಬ್ರೇವ್‌ನ ಸಂಶೋಧಕರು ಕಾಮೆಟ್‌ನಲ್ಲಿ ಇಂಥದ್ದನ್ನೇ ಮಾಡಿ ತೋರಿಸಿದರು. ಪ್ರಾಂಪ್ಟ್ ಇಂಜೆಕ್ಷನ್ ಅನ್ನುತ್ತಾರೆ ಇದಕ್ಕೆ. ಪೂರ್ತಿ ಪರಿಹಾರ ಇನ್ನೂ ಸಿಕ್ಕಿಲ್ಲ. ಬಳಸುವುದಾದರೆ ಯಾವ ಖಾತೆಗೂ ಲಾಗಿನ್ ಆಗದೆ ಬಳಸಿ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಹಾಕುವ ಮೊದಲು ನಿಮ್ಮ ಐಟಿ ವಿಭಾಗದವರನ್ನು ಕೇಳಿ.

ಪ್ರಶ್ನೆ: ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಓದೋಕೆ ಬರಲ್ಲ, ಕಣ್ಣೂ ಸ್ವಲ್ಪ ಮಂಜು. ಫೋನಿನಲ್ಲಿ ಸುದ್ದಿ ಓದಬೇಕು ಅಂತ ಆಸೆ. ಯಾವ ಬ್ರೌಸರ್ ಹಾಕಿಕೊಡಲಿ?
— ಓದುಗರು, ಕೊಪ್ಪಳ

ಉತ್ತರ: ಈ ಪತ್ರ ಓದಿ ಖುಷಿಯಾಯಿತು. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಮೆನುಗಳು ಕನ್ನಡದಲ್ಲಿ ಸಿಗುತ್ತವೆ. ಫೈರ್‌ಫಾಕ್ಸ್‌ನ ಕನ್ನಡ ಅನುವಾದ ಮಾಡಿದವರು ಸ್ವಯಂಸೇವಕರು, ಸಂಬಳ ಇಲ್ಲದೆ ಕೂತು ಒಂದೊಂದು ಪದ ಕನ್ನಡಕ್ಕೆ ತಂದವರು. ಅಮ್ಮನಿಗೆ ನಾನಾದರೆ ಫೈರ್‌ಫಾಕ್ಸ್ ಹಾಕಿಕೊಡುತ್ತೇನೆ. ಅದಕ್ಕೆ ಯುಬ್ಲಾಕ್ ಒರಿಜಿನ್ ಸೇರಿಸಿ, ಇಲ್ಲದಿದ್ದರೆ ಸುದ್ದಿಯ ನಡುವೆ ಬರುವ ಜಾಹೀರಾತಿಗೆ ಬೆರಳು ತಾಗಿ ಎಲ್ಲೆಲ್ಲಿಗೋ ಹೋಗಿಬಿಡುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅನ್ನುವಲ್ಲಿ ಅಕ್ಷರದ ಗಾತ್ರ ಹೆಚ್ಚಿಸುವ ಪಟ್ಟಿ ಇದೆ, ಅವರ ಮುಂದೆಯೇ ಎಳೆಯುತ್ತಾ ಹೋಗಿ, "ಈಗ ಕಾಣ್ತಿದೆ" ಅಂದಲ್ಲಿಗೆ ನಿಲ್ಲಿಸಿ. ಲೇಖನ ತೆರೆದಾಗ ವಿಳಾಸದ ಪಕ್ಕ ಪುಸ್ತಕದ ಹಾಳೆಯಂಥ ಗುರುತು ಬರುತ್ತದೆ, ಅದು ರೀಡರ್ ವ್ಯೂ. ಒತ್ತಿದರೆ ಚಿಕ್ಕಪುಟ್ಟ ಗೊಂದಲವೆಲ್ಲ ಹೋಗಿ ಬರೀ ಅಕ್ಷರ ಉಳಿಯುತ್ತದೆ. ಅವರು ದಿನಾ ಓದುವ ಎರಡು ಮೂರು ಪತ್ರಿಕೆಗಳನ್ನು ಫೋನಿನ ಮುಖಪುಟಕ್ಕೇ ಸೇರಿಸಿಕೊಡಿ, ವಿಳಾಸ ಟೈಪ್ ಮಾಡುವ ಕೆಲಸವೇ ಬೇಡ. ಮೊದಲ ಎರಡು ದಿನ ಪಕ್ಕದಲ್ಲಿ ಕೂತಿರಿ.